ಎರಡು ಸಾಕು ಎಂದವರೇ ಈಗ ಇನ್ನೂ ಬೇಕು ಎನ್ನುತ್ತಿರುವುದೇಕೆ?

ಸರ್ಕಾರಿ ಆಸ್ಪತ್ರೆಯ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಅದರ ಕೆಳಗೆ ‘ನಾವಿಬ್ಬರು, ನಮಗಿಬ್ಬರು’ ಎಂಬ ಬರಹ. ‘ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ’ ಎಂಬ ಮಾತು. ಕನ್ನಡಿಗರ ಎರಡು ತಲೆಮಾರು ಇದನ್ನು ನೋಡಿ, ಕೇಳಿ ಬೆಳೆಯಿತು. ಬಹುಪಾಲು ಕುಟುಂಬಗಳು ಹಾಗೆಯೇ ನಡೆದುಕೊಂಡವು ಕೂಡ. ಈಗ ಅದೇ ದಕ್ಷಿಣ ಭಾರತದಲ್ಲಿ ಮಾತು ತಿರುಗಿದೆ.

2024ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿ ಎನ್. ಚಂದ್ರಬಾಬು ನಾಯ್ಡು ಅವರು ಕುಟುಂಬಗಳು ಹೆಚ್ಚು ಮಕ್ಕಳನ್ನು ಪಡೆಯಬೇಕು ಎಂದು ಕರೆಕೊಟ್ಟರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ, ಮೂರು ದಶಕಗಳಿಂದ ಆ ರಾಜ್ಯದಲ್ಲಿದ್ದ ನಿಯಮವನ್ನು ಮರು ತಿಂಗಳೇ ವಿಧಾನಸಭೆ ತೆಗೆದುಹಾಕಿತು. ಅದೇ ಅಕ್ಟೋಬರ್‌ನಲ್ಲಿ ಚೆನ್ನೈನ ಸಾಮೂಹಿಕ ವಿವಾಹ ಸಮಾರಂಭವೊಂದರಲ್ಲಿ, ತಮಿಳುನಾಡಿನ ಮುಖ್ಯಮಂತ್ರಿಯಾಗಿ ಎಂ.ಕೆ. ಸ್ಟಾಲಿನ್ ಅವರು ‘ಹದಿನಾರು ಪಡೆದು ಬಾಳಿ’ ಎಂಬ ಹಳೆಯ ತಮಿಳು ಹಾರೈಕೆಯನ್ನು ನೆನೆದರು. ಆ ಹದಿನಾರು ಎಂದರೆ ಹದಿನಾರು ಬಗೆಯ ಸಂಪತ್ತು. ಲೋಕಸಭಾ ಕ್ಷೇತ್ರಗಳು ಕಡಿಮೆಯಾಗುವ ಕಾಲ ಬಂದರೆ ಜನ ಹದಿನಾರು ಮಕ್ಕಳನ್ನೇ ಹೆರಬೇಕೇನೋ ಎಂದು ಯೋಚಿಸುವ ಸ್ಥಿತಿ ಬಂದಿದೆ ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು.

ಇದನ್ನು ಓದಿದವರಿಗೆ ಗೊಂದಲವಾದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. 2023ರಲ್ಲಷ್ಟೇ ಭಾರತ ಚೀನಾವನ್ನು ಹಿಂದಿಕ್ಕಿ ಜಗತ್ತಿನಲ್ಲಿ ಅತಿ ಹೆಚ್ಚು ಜನರಿರುವ ದೇಶವಾಯಿತು ಎಂದು ಇದೇ ಪತ್ರಿಕೆಗಳು ಬರೆದಿದ್ದವು. ಬೆಂಗಳೂರಿನ ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲದಿರುವಾಗ ಜನ ಸಾಲದು ಎಂದರೆ ನಂಬುವುದು ಹೇಗೆ? ಜನಸಂಖ್ಯೆ ಏರುತ್ತಿರುವುದೂ ನಿಜ, ಹುಟ್ಟುವ ಮಕ್ಕಳು ಕಡಿಮೆಯಾಗುತ್ತಿರುವುದೂ ನಿಜ. ಎರಡೂ ಒಟ್ಟಿಗೆ ನಿಜವಾಗುವ ಬಗೆಯನ್ನು ಮೊದಲು ಬಿಡಿಸಿಕೊಳ್ಳಬೇಕು. ಆಗಷ್ಟೇ ಈ ಕರೆಗಳ ಹಿಂದಿರುವ ನಿಜವಾದ ಆತಂಕ ಯಾವುದು, ಅದಕ್ಕೆ ಹೆಚ್ಚು ಮಕ್ಕಳು ಉತ್ತರವಾಗಬಲ್ಲರೇ ಎಂಬುದು ಸ್ಪಷ್ಟವಾಗುತ್ತದೆ.

ತೂಬು ಮುಚ್ಚಿದರೂ ಕಾಲುವೆಯಲ್ಲಿ ನೀರು

ಒಬ್ಬ ಮಹಿಳೆ ತನ್ನ ಜೀವಿತಾವಧಿಯಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬ ಲೆಕ್ಕಕ್ಕೆ ಒಟ್ಟು ಫಲವಂತಿಕೆ ದರ ಎನ್ನುತ್ತಾರೆ. ಈ ದರ 2.1 ಇದ್ದರೆ ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ಸರಿಯಾಗಿ ತುಂಬುತ್ತದೆ. ಇದೇ ಮರುಪೂರಣ ಮಟ್ಟ. ತಂದೆ ತಾಯಿ ಇಬ್ಬರ ಬದಲಿಗೆ ಇಬ್ಬರು ಎನ್ನುವುದು ಸರಿ, ಆ ದಶಾಂಶ ಒಂದು ಏಕೆ? ಹುಟ್ಟುವಾಗ ಗಂಡುಮಕ್ಕಳ ಸಂಖ್ಯೆ ತುಸು ಹೆಚ್ಚಿರುತ್ತದೆ, ಹುಟ್ಟಿದ ಎಲ್ಲ ಹೆಣ್ಣುಮಕ್ಕಳೂ ಹೆರುವ ವಯಸ್ಸಿನವರೆಗೆ ಬದುಕುವುದಿಲ್ಲ. ಆ ಕೊರತೆಯನ್ನು ತುಂಬಲು ಅದು ಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಡೀ ಭಾರತದ ಸರಾಸರಿ 2.0ಕ್ಕೆ ಇಳಿದಿದೆ. ಕರ್ನಾಟಕ ಮತ್ತು ಆಂಧ್ರದಲ್ಲಿ 1.7. ಕೇರಳ, ತಮಿಳುನಾಡು, ತೆಲಂಗಾಣದಲ್ಲಿ 1.8. ಇದು ದಕ್ಷಿಣದ ಕಥೆ ಮಾತ್ರ ಎಂದುಕೊಳ್ಳಬೇಕಾಗಿಲ್ಲ: ಪಂಜಾಬ್ ಮತ್ತು ಪಶ್ಚಿಮ ಬಂಗಾಳ 1.6ರಲ್ಲಿವೆ, ಸಿಕ್ಕಿಂ 1.1ರಲ್ಲಿದೆ. ದೊಡ್ಡ ರಾಜ್ಯಗಳಲ್ಲಿ ಬಿಹಾರ 3.0, ಉತ್ತರಪ್ರದೇಶ 2.4 ಮತ್ತು ಜಾರ್ಖಂಡ್ 2.3 ಮಾತ್ರ ಮರುಪೂರಣದ ಗೆರೆಯ ಮೇಲೆ ಉಳಿದಿದ್ದವು. ಅಲ್ಲಿಯೂ ದರ ಇಳಿಯುತ್ತಲೇ ಇದೆ.

ಹಾಗಿದ್ದರೂ ಜನಸಂಖ್ಯೆ ಏರುತ್ತಿರುವುದಕ್ಕೆ ಕಾರಣ ವಯಸ್ಸಿನ ರಚನೆ. ಅಣೆಕಟ್ಟೆಯ ತೂಬು ಮುಚ್ಚಿದ ಮೇಲೂ ಕಾಲುವೆಯಲ್ಲಿ ಆಗಲೇ ಹೊರಟ ನೀರು ಕೊನೆಯ ಗದ್ದೆಯವರೆಗೆ ಹರಿದೇ ಹರಿಯುತ್ತದೆ. ಮೂವತ್ತು ನಲವತ್ತು ವರ್ಷಗಳ ಹಿಂದೆ ಹುಟ್ಟಿದ ದೊಡ್ಡ ತಲೆಮಾರು ಈಗ ಮದುವೆಯಾಗುವ, ಹೆರುವ ವಯಸ್ಸಿನಲ್ಲಿದೆ. ಪ್ರತಿ ದಂಪತಿ ಎರಡೇ ಮಕ್ಕಳನ್ನು ಪಡೆದರೂ ದಂಪತಿಗಳ ಸಂಖ್ಯೆಯೇ ದೊಡ್ಡದಿರುವುದರಿಂದ ಹುಟ್ಟುವವರು ಸಾಯುವವರಿಗಿಂತ ಹೆಚ್ಚು. ಜೊತೆಗೆ ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಭಾರತದ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿ ತಲುಪಿ, ಬಳಿಕ ಇಳಿಯತೊಡಗುತ್ತದೆ.

ನಾವು ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಕಾಣುವುದು ಹಿಂದೆ ಹುಟ್ಟಿದವರನ್ನು. ಮುಂದೆ ಆಗುವುದನ್ನು ಕಾಣಬೇಕಾದರೆ ಒಂದನೇ ತರಗತಿಯ ಹಾಜರಿ ಪುಸ್ತಕವನ್ನು ತೆರೆದು ನೋಡಬೇಕು.

ಹುಟ್ಟಿಸಿದ ದೇವರು ಮತ್ತು ಕಣಜದ ಲೆಕ್ಕ

‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಎಂಬುದು ನಮ್ಮ ಹಿರಿಯರ ಭರವಸೆಯ ಮಾತು. ಇದಕ್ಕೆ ನೇರ ವಿರುದ್ಧವಾದ ಮಾತನ್ನು 1798ರಲ್ಲಿ ಇಂಗ್ಲೆಂಡಿನ ಥಾಮಸ್ ಮಾಲ್ತಸ್ ಹೇಳಿದ: ಜನ ಗುಣಾಕಾರದಲ್ಲಿ ಬೆಳೆಯುತ್ತಾರೆ, ಅನ್ನ ಕೂಡಿಕೆಯಲ್ಲಿ ಬೆಳೆಯುತ್ತದೆ, ಆದ್ದರಿಂದ ಹಸಿವು ತಪ್ಪಿದ್ದಲ್ಲ. ಭಾರತದ ಜನಸಂಖ್ಯಾ ನೀತಿಯ ಬೆನ್ನಿಗೆ ದಶಕಗಳ ಕಾಲ ಇದ್ದ ಭಯ ಇದೇ. ಆದರೆ ಅಂಕಿಗಳು ಬೇರೆ ಕಥೆ ಹೇಳುತ್ತವೆ. 1951ರಲ್ಲಿ 36 ಕೋಟಿ ಜನರಿದ್ದಾಗ ದೇಶದ ಆಹಾರ ಧಾನ್ಯ ಉತ್ಪಾದನೆ ಸುಮಾರು 5 ಕೋಟಿ ಟನ್. 2023–24ರಲ್ಲಿ ಅದು 33 ಕೋಟಿ ಟನ್ ದಾಟಿತು. ಜನ ನಾಲ್ಕು ಪಟ್ಟು ಆಗುವಷ್ಟರಲ್ಲಿ ಧಾನ್ಯ ಆರು ಪಟ್ಟಿಗೂ ಮೀರಿ ಬೆಳೆಯಿತು. ನೀರಾವರಿ, ಹೊಸ ತಳಿ, ಗೊಬ್ಬರ, ರಸ್ತೆ, ಬೆಂಬಲ ಬೆಲೆ ಎಲ್ಲವೂ ಇದರಲ್ಲಿ ಸೇರಿವೆ. ನೆಲ, ನೀರು ಸವೆದ ಬೆಲೆಯನ್ನೂ ನಾವು ತೆತ್ತಿದ್ದೇವೆ. ಅದನ್ನು ಮರೆಯಬಾರದು.

ಮಾಲ್ತಸ್ ಊಹಿಸದೆ ಹೋದ ಸಂಗತಿ ಇನ್ನೊಂದಿದೆ. ಬದುಕು ಹಸನಾದಂತೆ ಜನ ಹೆಚ್ಚು ಮಕ್ಕಳನ್ನು ಪಡೆಯುತ್ತಾರೆ ಎಂದು ಅವನು ಭಾವಿಸಿದ್ದ. ಆದದ್ದು ತದ್ವಿರುದ್ಧ. ಮೇಲೆ ಹೇಳಿದ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ನೋಡಿ: ಭಾರತದ ಅತ್ಯಂತ ಬಡ ಐದನೇ ಒಂದು ಪಾಲು ಕುಟುಂಬಗಳಲ್ಲಿ ಫಲವಂತಿಕೆ ದರ 2.6, ಅತ್ಯಂತ ಸಿರಿವಂತ ಐದನೇ ಒಂದು ಪಾಲಿನಲ್ಲಿ 1.6. ಶಾಲೆಯ ಮುಖವನ್ನೇ ಕಾಣದ ಮಹಿಳೆಯರಲ್ಲಿ 2.8, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವರಲ್ಲಿ 1.8.

ಏಕೆ ಹೀಗೆ? ಮೊದಲ ಕಾರಣ ಸಾವು. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಎರಡು ಮಕ್ಕಳು ದೊಡ್ಡವರಾಗಿ ಉಳಿಯಬೇಕು ಎಂದರೆ ನಾಲ್ಕೈದು ಹೆರಬೇಕಾಗಿತ್ತು. ಇಂದು ಆ ಸಂಖ್ಯೆ 25ರ ಆಸುಪಾಸಿಗೆ ಇಳಿದಿದೆ. ಲಸಿಕೆ, ಆಸ್ಪತ್ರೆಯ ಹೆರಿಗೆ, ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಇವೆಲ್ಲ ತಾಯಿಗೆ ಕೊಟ್ಟದ್ದು ಒಂದು ಖಾತರಿ: ಹುಟ್ಟಿದ ಮಗು ಉಳಿಯುತ್ತದೆ. ಆ ಖಾತರಿ ಬಂದ ಮೇಲೆ ‘ಒಂದು ಹೋದರೆ ಇನ್ನೊಂದಿರಲಿ’ ಎಂಬ ಲೆಕ್ಕ ತಾನಾಗಿಯೇ ಬಿಟ್ಟುಹೋಗುತ್ತದೆ.

ಎರಡನೆಯದು ಮಗುವಿನ ಆರ್ಥಿಕ ಸ್ಥಾನ ಬದಲಾದದ್ದು. ಕೃಷಿ ಕುಟುಂಬದಲ್ಲಿ ಎಂಟು ವರ್ಷದ ಹುಡುಗ ದನ ಕಾಯುತ್ತಿದ್ದ, ಹುಡುಗಿ ತಂಗಿಯನ್ನು ಎತ್ತಿಕೊಂಡು ತಾಯಿಯನ್ನು ಗದ್ದೆಗೆ ಕಳಿಸುತ್ತಿದ್ದಳು. ಮಗು ಬೇಗನೆ ದುಡಿಯುವ ಕೈಯಾಗುತ್ತಿತ್ತು. ಈಗ ಮಗು ಇಪ್ಪತ್ತೆರಡು ವರ್ಷದವರೆಗೆ ಓದಬೇಕು. ಶಾಲೆಯ ಶುಲ್ಕ, ಟ್ಯೂಷನ್, ಪಿಯು ಕಾಲೇಜು, ಸಿಇಟಿ, ಹಾಸ್ಟೆಲ್ ಎಂದು ಖರ್ಚಿನ ಪಟ್ಟಿ ಬೆಳೆಯುತ್ತದೆ. ಭೂಮಿಯೂ ಹಂಚಲು ಉಳಿದಿಲ್ಲ. ದೇಶದ ಸರಾಸರಿ ಹಿಡುವಳಿ 1970–71ರಲ್ಲಿ 2.28 ಹೆಕ್ಟೇರ್ ಇದ್ದದ್ದು 2015–16ರ ಹೊತ್ತಿಗೆ 1.08ಕ್ಕೆ ಕುಗ್ಗಿತು. ಎರಡೂವರೆ ಎಕರೆ ಇರುವ ರೈತ ನಾಲ್ಕು ಮಕ್ಕಳಿಗೆ ಹೊಲ ಪಾಲು ಮಾಡಲಾರ, ಆದರೆ ಇಬ್ಬರನ್ನು ಓದಿಸಬಲ್ಲ. 1992ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಇದನ್ನೇ ಸಂಖ್ಯೆ ಮತ್ತು ಗುಣಮಟ್ಟದ ನಡುವಿನ ಆಯ್ಕೆ ಎಂದು ವಿವರಿಸಿದ್ದರು. ನಮ್ಮ ರೈತರಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ಹೆಣ್ಣುಮಕ್ಕಳ ಓದು. ಓದುತ್ತಿರುವ ಹುಡುಗಿಯ ಮದುವೆ ಮುಂದೆ ಹೋಗುತ್ತದೆ. ಬಿಹಾರದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಹತ್ತಕ್ಕೆ ನಾಲ್ವರಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಇದೇ ಸಮೀಕ್ಷೆ ಹೇಳುತ್ತದೆ. ಕರ್ನಾಟಕದಲ್ಲಿ ಅದು ಹತ್ತಕ್ಕೆ ಇಬ್ಬರು. ಇದೂ ನಾಚಿಕೆಯ ಸಂಖ್ಯೆಯೇ, ಆದರೆ ಬಿಹಾರದ ಅರ್ಧ. ತಡವಾಗಿ ಮದುವೆಯಾದವಳಿಗೆ ಮೊದಲ ಹೆರಿಗೆ ತಡವಾಗುತ್ತದೆ, ಅಂತರ ಹೆಚ್ಚುತ್ತದೆ, ಎಷ್ಟು ಮಕ್ಕಳು ಎಂಬ ಮಾತುಕತೆಯಲ್ಲಿ ಅವಳ ಮಾತಿಗೂ ತೂಕ ಬರುತ್ತದೆ.

ಆದಾಯ ಹೆಚ್ಚಿದ್ದರಿಂದಲೇ ಹೆರಿಗೆ ಕಡಿಮೆಯಾಯಿತು ಎಂದು ಸರಳವಾಗಿ ಹೇಳಿಬಿಡಲು ಕೇರಳ ಬಿಡುವುದಿಲ್ಲ. ಅದು 1980ರ ದಶಕದ ಕೊನೆಗೇ ಮರುಪೂರಣ ಮಟ್ಟ ಮುಟ್ಟಿತು, ಆಗ ಅದು ಸಿರಿವಂತ ರಾಜ್ಯವಾಗಿರಲಿಲ್ಲ. ಅಲ್ಲಿದ್ದದ್ದು ಶಾಲೆ, ಆಸ್ಪತ್ರೆ ಮತ್ತು ಓದಿದ ತಾಯಂದಿರು. ತಮಿಳುನಾಡು 1990ರ ದಶಕದ ಆರಂಭದಲ್ಲಿ, ಕರ್ನಾಟಕ 2005ರ ಸುಮಾರಿಗೆ ಅದೇ ಗೆರೆ ದಾಟಿದವು. ಹಣ ಬರುವ ಮುನ್ನವೇ ಬದುಕಿನ ಗುಣಮಟ್ಟ ಸುಧಾರಿಸಬಹುದು. ಫಲವಂತಿಕೆಯನ್ನು ಇಳಿಸುವುದು ಮುಖ್ಯವಾಗಿ ಆ ಸುಧಾರಣೆಯೇ.

ಮೈಸೂರಿನ ದಾರಿ, ತುರ್ತು ಪರಿಸ್ಥಿತಿಯ ದಾರಿ

ಸರ್ಕಾರಗಳ ಪಾತ್ರವೇನು? ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದಾದ ಒಂದು ಸಂಗತಿ ಇಲ್ಲಿದೆ. 1930ರಲ್ಲೇ ಮೈಸೂರು ಸಂಸ್ಥಾನ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಜಗತ್ತಿನಲ್ಲಿ ಸರ್ಕಾರವೊಂದು ಇಂಥ ಹೆಜ್ಜೆ ಇಟ್ಟದ್ದು ಅದೇ ಮೊದಲು ಎನ್ನಲಾಗುತ್ತದೆ. ಬಂದವರಿಗೆ ತಿಳಿವಳಿಕೆ ಕೊಡುವುದು ಅದರ ದಾರಿ.

ಇನ್ನೊಂದು ದಾರಿಯನ್ನು ದೇಶ 1976–77ರಲ್ಲಿ ಕಂಡಿತು. ಆ ಒಂದು ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಬಹುಪಾಲು ಗಂಡಸರಿಗೆ, ಅನೇಕ ಕಡೆ ಬಲವಂತವಾಗಿ. ವಿಪರ್ಯಾಸವೆಂದರೆ ಅದಕ್ಕೆ ಎರಡು ವರ್ಷ ಮೊದಲು, 1974ರ ಬುಕಾರೆಸ್ಟ್ ಜನಸಂಖ್ಯಾ ಸಮ್ಮೇಳನದಲ್ಲಿ, ಆರೋಗ್ಯ ಸಚಿವ ಕರಣ್ ಸಿಂಗ್ ನೇತೃತ್ವದ ಭಾರತದ ನಿಯೋಗವೇ ‘ಅಭಿವೃದ್ಧಿಯೇ ಅತ್ಯುತ್ತಮ ಗರ್ಭನಿರೋಧಕ’ ಎಂದು ಸಾರಿತ್ತು. ತುರ್ತು ಪರಿಸ್ಥಿತಿಯ ಬಳಿಕ ಯಾವ ಸರ್ಕಾರವೂ ಗಂಡಸರ ಶಸ್ತ್ರಚಿಕಿತ್ಸೆಗೆ ಒತ್ತಾಯಿಸುವ ಧೈರ್ಯ ಮಾಡಲಿಲ್ಲ. ಭಾರ ಪೂರ್ತಿಯಾಗಿ ಹೆಂಗಸರ ಮೇಲೆ ಬಿತ್ತು. ಇಂದು ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ, ಗಂಡಸರ ಪ್ರಮಾಣ ಶೂನ್ಯಕ್ಕೆ ಹತ್ತಿರ. ‘ಹೆರಬೇಡಿ’ ಎಂಬ ಆಜ್ಞೆಯನ್ನು ತಮ್ಮ ಮೈಮೇಲೆ ಹೊತ್ತವರು ಯಾರು ಎಂಬುದನ್ನು, ಈಗ ‘ಹೆರಿ’ ಎನ್ನುವವರು ನೆನಪಿಟ್ಟುಕೊಳ್ಳಬೇಕು.

ದುಡಿಯುವವರು ಹೆಚ್ಚಿರುವ ಕೆಲವು ದಶಕಗಳು

ಹೆರಿಗೆ ಕಡಿಮೆಯಾದಾಗ ಆರ್ಥಿಕತೆಗೆ ಮೊದಲು ಸಿಗುವುದು ಲಾಭವೇ. ಮನೆಯೊಂದರ ಲೆಕ್ಕದಂತೆ ಇದನ್ನು ನೋಡಬಹುದು. ಇಬ್ಬರು ದುಡಿಯುವವರು, ಐದು ಮಕ್ಕಳು, ಒಬ್ಬ ಅಜ್ಜಿ ಇರುವ ಮನೆಯಲ್ಲಿ ಗಳಿಕೆಯೆಲ್ಲ ಊಟಕ್ಕೇ ಹೋಗುತ್ತದೆ. ಮಕ್ಕಳು ಇಬ್ಬರಾದರೆ ಉಳಿತಾಯಕ್ಕೂ ಓದಿಗೂ ಹಣ ಮಿಗುತ್ತದೆ, ತಾಯಿಯೂ ಕೆಲಸಕ್ಕೆ ಹೋಗಬಹುದು. ಇಡೀ ದೇಶದಲ್ಲಿ ಹೀಗಾದಾಗ ದುಡಿಯುವ ವಯಸ್ಸಿನವರ ಪ್ರಮಾಣ ಏರಿ, ಅವಲಂಬಿತರ ಭಾರ ಇಳಿಯುತ್ತದೆ. ಇದನ್ನೇ ಜನಸಂಖ್ಯಾ ಲಾಭಾಂಶ ಎನ್ನುತ್ತಾರೆ. ದಕ್ಷಿಣ ಕೊರಿಯಾ ಈ ಅವಕಾಶವನ್ನು ಶಾಲೆ ಮತ್ತು ಕಾರ್ಖಾನೆಗಳಿಗೆ ಸುರಿದು ಒಂದೇ ತಲೆಮಾರಿನಲ್ಲಿ ಬಡತನದಿಂದ ಸಮೃದ್ಧಿಗೆ ಜಿಗಿಯಿತು.

ಲಾಭಾಂಶ ಎಂಬ ಹೆಸರೇ ತುಸು ದಾರಿ ತಪ್ಪಿಸುತ್ತದೆ. ಷೇರಿನ ಲಾಭಾಂಶ ತಾನಾಗಿ ಖಾತೆಗೆ ಬರುತ್ತದೆ, ಇದು ಹಾಗೆ ಬರುವುದಿಲ್ಲ. ಕೆಲಸವಿಲ್ಲದ ಯುವಕ ದುಡಿಯುವ ವಯಸ್ಸಿನವನಾದರೂ ಅವಲಂಬಿತನೇ. 2023–24ರ ಕಾರ್ಮಿಕ ಸಮೀಕ್ಷೆಯಲ್ಲಿ ದುಡಿಮೆಯಲ್ಲಿರುವ ಅಥವಾ ಕೆಲಸ ಹುಡುಕುತ್ತಿರುವ ಮಹಿಳೆಯರ ಪ್ರಮಾಣ ಶೇ 41.7ಕ್ಕೆ ಏರಿದೆ. ಆದರೆ ಈ ಏರಿಕೆಯ ದೊಡ್ಡ ಪಾಲು ಗ್ರಾಮೀಣ ಸ್ವಉದ್ಯೋಗದ್ದು, ಸಂಬಳವಿಲ್ಲದೆ ಮನೆಯ ಹೊಲದಲ್ಲೋ ಅಂಗಡಿಯಲ್ಲೋ ದುಡಿಯುವವರೂ ಅದರಲ್ಲಿ ಸೇರಿದ್ದಾರೆ. ನಗರಗಳಲ್ಲಿ ಈ ಪ್ರಮಾಣ ಇನ್ನೂ ಶೇ 28.

ಈ ಕಾಲಾವಧಿ ಮುಗಿದ ಮೇಲೆ ವೃದ್ಧರ ಪಾಲು ಏರುತ್ತದೆ. 65 ದಾಟಿದವರ ಪ್ರಮಾಣ ಶೇ 7ರಿಂದ 14ಕ್ಕೆ ಏರಲು ಫ್ರಾನ್ಸಿಗೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಜಪಾನಿಗೆ ಸುಮಾರು 25 ವರ್ಷ ಸಾಕಾಯಿತು. ಜಪಾನ್ ಮುದಿಯಾಗುವ ಹೊತ್ತಿಗೆ ಸಿರಿವಂತವಾಗಿತ್ತು. ನಮ್ಮ ಆತಂಕ ಇಲ್ಲಿದೆ. ಸರ್ಕಾರದ ಅಂದಾಜಿನಂತೆ 60 ದಾಟಿದವರು 2031ರಲ್ಲಿ ಕೇರಳದ ಜನಸಂಖ್ಯೆಯ ಐದನೇ ಒಂದು ಪಾಲು ಮೀರುತ್ತಾರೆ, ಕರ್ನಾಟಕದಲ್ಲಿ ಶೇ 15ರಷ್ಟಾಗುತ್ತಾರೆ. ಸರ್ಕಾರಿ ನೌಕರಿ, ಸಂಘಟಿತ ವಲಯದಲ್ಲಿ ಇದ್ದವರನ್ನು ಬಿಟ್ಟರೆ ಇವರಲ್ಲಿ ಬಹುಪಾಲು ಜನರಿಗೆ ನಿವೃತ್ತಿ ವೇತನವಿಲ್ಲ. ನಾಯ್ಡು ಅವರ ಕರೆಯ ಹಿಂದಿರುವ ಆರ್ಥಿಕ ಕಾರಣ ಇದು, ಮತ್ತು ಅದು ಸುಳ್ಳು ಭಯವಲ್ಲ.

ಸೀಟು ಮತ್ತು ತೆರಿಗೆ

ಸ್ಟಾಲಿನ್ ಅವರ ಮಾತಿನ ಹಿಂದಿದ್ದದ್ದು ಬೇರೆಯೇ ಕಾರಣ. ಸಂವಿಧಾನದ 1976ರ 42ನೇ ತಿದ್ದುಪಡಿ ಲೋಕಸಭಾ ಕ್ಷೇತ್ರಗಳ ರಾಜ್ಯವಾರು ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು. ಕುಟುಂಬ ಯೋಜನೆಯನ್ನು ಚೆನ್ನಾಗಿ ಜಾರಿ ಮಾಡಿದ ರಾಜ್ಯಕ್ಕೆ ಅದರಿಂದಲೇ ಅಧಿಕಾರ ನಷ್ಟವಾಗಬಾರದು ಎಂಬುದು ಉದ್ದೇಶ. 84ನೇ ತಿದ್ದುಪಡಿ ಈ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ಈಗಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಮುಂದೂಡಿದ ಪ್ರಶ್ನೆ ಬಾಗಿಲಿಗೆ ಬಂದಿರುವುದು ಹೀಗೆ.

ಎರಡೂ ಕಡೆಯ ವಾದಗಳಲ್ಲಿ ಸತ್ವವಿದೆ. 2011ರ ಜನಗಣತಿಯ ಲೆಕ್ಕದಲ್ಲಿ ಬಿಹಾರದ ಒಬ್ಬ ಸಂಸದ ಸುಮಾರು 26 ಲಕ್ಷ ಜನರನ್ನು ಪ್ರತಿನಿಧಿಸುತ್ತಾನೆ, ಕೇರಳದ ಸಂಸದ ಸುಮಾರು 17 ಲಕ್ಷ. ಒಬ್ಬ ವ್ಯಕ್ತಿಗೆ ಒಂದು ಮತ, ಎಲ್ಲ ಮತಕ್ಕೂ ಒಂದೇ ಬೆಲೆ ಎಂಬುದು ಪ್ರಜಾಪ್ರಭುತ್ವದ ತಳಹದಿಯಾದರೆ ಬಿಹಾರದ ಮತದಾರನ ದೂರು ನ್ಯಾಯವಾದದ್ದು. ದಕ್ಷಿಣದ ಉತ್ತರವೂ ಅಷ್ಟೇ ನ್ಯಾಯವಾದದ್ದು: ದೇಶದ ನೀತಿಯನ್ನು ಪಾಲಿಸಿದ್ದಕ್ಕೆ ದನಿ ಕುಗ್ಗುವುದಾದರೆ ಒಕ್ಕೂಟದಲ್ಲಿ ನಂಬಿಕೆ ಉಳಿಯುವುದು ಹೇಗೆ? ದಕ್ಷಿಣದ ರಾಜ್ಯಗಳು ಒಂದು ಸೀಟನ್ನೂ ಕಳೆದುಕೊಳ್ಳುವುದಿಲ್ಲ ಎಂದು ಕೇಂದ್ರ ಗೃಹ ಸಚಿವ ಅಮಿತ್ ಶಾ 2025ರ ಫೆಬ್ರವರಿಯಲ್ಲಿ ಕೊಯಮತ್ತೂರಿನಲ್ಲಿ ಹೇಳಿದರು. ಇರುವ ಸೀಟು ಉಳಿದರೂ ಒಟ್ಟು ಸೀಟುಗಳು ಹೆಚ್ಚಿದರೆ ದಕ್ಷಿಣದ ಪಾಲು ಕುಗ್ಗಬಹುದಲ್ಲವೇ ಎಂಬ ಪ್ರಶ್ನೆ ಬಂತು. ಮರು ತಿಂಗಳು ಈ ಕ್ಷೇತ್ರ ಮರುಹಂಚಿಕೆಯ ಬಗ್ಗೆ ಚೆನ್ನೈನಲ್ಲಿ ಸೇರಿದ ಸಭೆಗೆ ಕರ್ನಾಟಕದ ಪರವಾಗಿ ಡಿ.ಕೆ. ಶಿವಕುಮಾರ್ ಹೋಗಿದ್ದರು.

ಇಲ್ಲಿ ಕರ್ನಾಟಕದ ಸ್ಥಿತಿ ತಮಿಳುನಾಡು, ಕೇರಳಗಳಿಗಿಂತ ಭಿನ್ನ ಎಂಬುದನ್ನು ಚರ್ಚೆಯ ಬಿಸಿಯಲ್ಲಿ ಮರೆಯಲಾಗುತ್ತಿದೆ. 2011ರಲ್ಲಿ ನಮ್ಮ 6.11 ಕೋಟಿ ಜನರಿಗೆ 28 ಸಂಸದರು, ಅಂದರೆ ತಲಾ ಸುಮಾರು 22 ಲಕ್ಷ. ದೇಶದ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿಗೆ ಹೊರಗಿನಿಂದ ಬಂದು ನೆಲೆಸಿದವರು ಇದಕ್ಕೆ ಒಂದು ಕಾರಣ. ಮುಂದಿನ ಗಣತಿಯಲ್ಲಿ ನಮ್ಮ ಪಾಲು ತುಸು ಇಳಿಯಬಹುದು, ಕೇರಳದಷ್ಟು ಇಳಿಯುವುದಿಲ್ಲ.

ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ನೋವು ಹೆಚ್ಚು ನೇರ. ಕೇಂದ್ರ ತೆರಿಗೆಗಳಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಶಿಫಾರಸು ಮಾಡುವುದು ಹಣಕಾಸು ಆಯೋಗ. ಆ ಹಂಚಿಕೆಯಲ್ಲಿ ರಾಜ್ಯದ ಪಾಲು 14ನೇ ಆಯೋಗದ ಶೇ 4.71ರಿಂದ 15ನೇ ಆಯೋಗದಲ್ಲಿ ಶೇ 3.65ಕ್ಕೆ ಇಳಿಯಿತು. 1971ರ ಬದಲು 2011ರ ಜನಸಂಖ್ಯೆ ಬಳಸಿದ್ದೇ ಇದಕ್ಕೆ ಕಾರಣ ಎಂದು ಹಲವರು ಹೇಳುತ್ತಾರೆ. ಅದು ಅರ್ಧ ಸತ್ಯ. ಆ ಸೂತ್ರದಲ್ಲಿ ಜನಸಂಖ್ಯೆಗೆ ಇದ್ದ ತೂಕ ಶೇ 15. ಫಲವಂತಿಕೆ ಇಳಿಸಿದ ರಾಜ್ಯಗಳಿಗೆ ಶೇ 12.5ರ ಪ್ರತ್ಯೇಕ ಮನ್ನಣೆಯೂ ಇತ್ತು. ದೊಡ್ಡ ಹೊಡೆತ ಕೊಟ್ಟದ್ದು ಶೇ 45ರ ತೂಕವಿದ್ದ, ಬಡ ರಾಜ್ಯಗಳಿಗೆ ಹೆಚ್ಚು ಪಾಲು ಕೊಡುವ ತಲಾ ಆದಾಯದ ಅಂತರ: ಬೆಂಗಳೂರಿನ ಆದಾಯ ಇಡೀ ರಾಜ್ಯವನ್ನು ಕಾಗದದ ಮೇಲೆ ಸಿರಿವಂತವಾಗಿಸಿತು. 16ನೇ ಆಯೋಗ ದೇಶದ ಉತ್ಪನ್ನಕ್ಕೆ ರಾಜ್ಯದ ಕೊಡುಗೆಯನ್ನೂ ಶೇ 10ರ ಮಾನದಂಡವಾಗಿ ಸೇರಿಸಿದ ಮೇಲೆ ನಮ್ಮ ಪಾಲು ಶೇ 4.13ರಷ್ಟಕ್ಕೆ ಚೇತರಿಸಿಕೊಂಡಿತು. ಸೂತ್ರ ಬದಲಾದರೆ ಪಾಲು ಬದಲಾಗುತ್ತದೆ. ಇದಕ್ಕಾಗಿ ಯಾವ ತಾಯಿಯೂ ಮೂರನೆಯ ಮಗುವನ್ನು ಹೆರಬೇಕಾಗಲಿಲ್ಲ.

ಹೆರಿ ಎಂದರೆ ಹೆರುವರೇ?

ಕೆಳಗಿಳಿದ ಫಲವಂತಿಕೆಯನ್ನು ಮೇಲೆತ್ತಲು ಹೊರಟವರ ಅನುಭವ ಪಾಠ ಕಲಿಸುವಂತಿದೆ. ಚೀನಾ 1980ರಿಂದ 2015ರವರೆಗೆ ಒಂದೇ ಮಗು ನೀತಿಯನ್ನು ಹೇರಿತು. 2016ರಲ್ಲಿ ಎರಡಕ್ಕೆ, 2021ರಲ್ಲಿ ಮೂರಕ್ಕೆ ಅನುಮತಿ ಕೊಟ್ಟಿತು. 2016ರಲ್ಲಿ ಅಲ್ಲಿ ಸುಮಾರು 1.8 ಕೋಟಿ ಮಕ್ಕಳು ಹುಟ್ಟಿದ್ದರು, 2023ರಲ್ಲಿ ಸುಮಾರು 90 ಲಕ್ಷ. ಅನುಮತಿ ಸಿಕ್ಕ ಮೇಲೆ ಸಂಖ್ಯೆ ಅರ್ಧವಾಯಿತು. ದಕ್ಷಿಣ ಕೊರಿಯಾ 2006ರಿಂದ ಯೋಜನೆಯ ಮೇಲೆ ಯೋಜನೆ ಹಾಕಿ ಅಪಾರ ಹಣ ಸುರಿಯಿತು. 1960ರಲ್ಲಿ ಆರರಷ್ಟಿದ್ದ ಅದರ ಫಲವಂತಿಕೆ ದರ 2023ರಲ್ಲಿ 0.72ಕ್ಕೆ ಕುಸಿದು, ಮರುವರ್ಷ 0.75ಕ್ಕೆ ಬಂದಿತು.

ಕೊರಿಯಾದ ಹೆಂಗಸರು ಹೇಳುವ ಕಾರಣಗಳು ನಮ್ಮ ನಗರಗಳಿಗೆ ಅಪರಿಚಿತವಲ್ಲ. ಮನೆಯ ಬೆಲೆ, ಟ್ಯೂಷನ್ ಖರ್ಚು, ಕಚೇರಿಯ ದೀರ್ಘ ಸಮಯ, ಹೆತ್ತ ಮೇಲೆ ಉದ್ಯೋಗದಲ್ಲಿ ಹಿಂದೆ ಬೀಳುವ ಭಯ, ಮನೆಗೆಲಸದಲ್ಲಿ ಕೈಹಚ್ಚದ ಗಂಡ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2025ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಭಾರತೀಯರಲ್ಲಿ ಹತ್ತಕ್ಕೆ ನಾಲ್ವರು ಬಯಸಿದಷ್ಟು ಮಕ್ಕಳನ್ನು ಪಡೆಯಲು ಹಣದ ಅಡಚಣೆಯೇ ತೊಡಕು ಎಂದಿದ್ದಾರೆ. ಭಾಷಣದಿಂದ ಈ ತೊಡಕು ಸರಿಯುವುದಿಲ್ಲ. ಇಂದು ಹುಟ್ಟಿದ ಮಗು ತೆರಿಗೆ ಕಟ್ಟುವ ವಯಸ್ಸಿಗೆ ಬರಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕು. ಅಲ್ಲಿಯವರೆಗೆ ಅದೂ ಅವಲಂಬಿತರ ಸಾಲಿಗೇ ಸೇರುತ್ತದೆ ಎಂಬ ಸರಳ ಲೆಕ್ಕವನ್ನೂ ಈ ಕರೆಗಳು ಬಿಟ್ಟುಬಿಡುತ್ತವೆ.

ನಮ್ಮ ಕಾನೂನುಗಳು ಇನ್ನೂ ಹಳೆಯ ಗೋಡೆಬರಹದ ಕಾಲದಲ್ಲೇ ಇವೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ನೀಡಿತು, ಬಳಿಕದವರಿಗೆ 12 ವಾರ. ಕೂಲಿಗೆ ಹೋಗುವ, ಮನೆಗೆಲಸ ಮಾಡುವ ತಾಯಿಗೆ ಈ ರಜೆ ದಕ್ಕುವುದೇ ಇಲ್ಲ.

ಚಿಕ್ಕಮಗಳೂರು ಮತ್ತು ಯಾದಗಿರಿ

ಉತ್ತರ ಭಾರತ, ದಕ್ಷಿಣ ಭಾರತ ಎಂದು ಮಾತಾಡುವ ನಾವು ನಮ್ಮ ರಾಜ್ಯದೊಳಗೇ ಅದೇ ಭೂಪಟವನ್ನು ಕಾಣಬಹುದು. 2001ರಿಂದ 2011ರ ನಡುವೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಬೆಳೆಯಲೇ ಇಲ್ಲ, ತುಸು ಇಳಿಯಿತು. ಕೊಡಗು ಶೇ 1ರಷ್ಟು ಬೆಳೆಯಿತು. ಮಂಡ್ಯ, ಹಾಸನಗಳ ಬೆಳವಣಿಗೆಯೂ ಶೇ 2–3ರ ಸುಮಾರಿನಲ್ಲಿ ನಿಂತಿತು. ಅದೇ ಹತ್ತು ವರ್ಷಗಳಲ್ಲಿ ಯಾದಗಿರಿ ಶೇ 22ಕ್ಕೂ ಹೆಚ್ಚು, ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆದವು. ಯಾದಗಿರಿಯ ಬೆಳವಣಿಗೆ ಹೆರಿಗೆಯದು, ಬೆಂಗಳೂರಿನದು ವಲಸೆಯದು. ಮಲೆನಾಡಿನ ಮಕ್ಕಳು ಓದಿ ಬೆಂಗಳೂರಿಗೆ ಹೋದರು, ಅವರು ಬಿಟ್ಟುಬಂದ ಕಾಫಿ ತೋಟಗಳಲ್ಲಿ ಇಂದು ಅಸ್ಸಾಮಿನಿಂದ ಬಂದವರು ಹಣ್ಣು ಕೊಯ್ಯುತ್ತಿದ್ದಾರೆ.

ತಾಯಂದಿರ ಶಿಕ್ಷಣ, ಮದುವೆಯ ವಯಸ್ಸು, ಆಸ್ಪತ್ರೆಯ ದೂರ ಇವುಗಳಲ್ಲಿ ಕಲ್ಯಾಣ ಕರ್ನಾಟಕ ಹಿಂದುಳಿದದ್ದಕ್ಕೂ ಬಿಹಾರ ಹಿಂದುಳಿದದ್ದಕ್ಕೂ ಕಾರಣಗಳು ಒಂದೇ ಬಗೆಯವು. ಕಲಬುರಗಿ, ಯಾದಗಿರಿಗೆ ಹೆಚ್ಚು ಅನುದಾನ ಬೇಕು ಎಂದು ಸಂವಿಧಾನದ 371(ಜೆ) ವಿಧಿಯ ಮೂಲಕ ನಾವೇ ಒಪ್ಪಿದ್ದೇವೆ. ಅದೇ ತತ್ತ್ವ ದೇಶದ ಮಟ್ಟದಲ್ಲಿ ಬಂದಾಗ ಪೂರ್ತಿಯಾಗಿ ತಳ್ಳಿಹಾಕಲಾಗದು. ಎಷ್ಟು ಪಾಲು, ಎಷ್ಟು ವರ್ಷ, ಯಾವ ಷರತ್ತಿನ ಮೇಲೆ ಎಂದು ಕೇಳಲು ಮಾತ್ರ ನಮಗೆ ಪೂರ್ಣ ಹಕ್ಕಿದೆ.

ಮುಂದಿನ ಇಪ್ಪತ್ತು ವರ್ಷ

ಕರ್ನಾಟಕದ ತಲಾ ಆದಾಯ ಬಿಹಾರದ ಸುಮಾರು ಐದು ಪಟ್ಟು. ಒಂದು ಕಡೆ ಯುವಕರಿದ್ದಾರೆ, ಇನ್ನೊಂದು ಕಡೆ ಕೆಲಸವಿದೆ. ಹೀಗಿರುವಾಗ ವಲಸೆ ಹೆಚ್ಚುತ್ತದೆ. ಕಟ್ಟಡ ಕೆಲಸ, ಹೋಟೆಲ್, ತೋಟದಿಂದ ಅದು ಮುಂದೆ ವೃದ್ಧರ ಆರೈಕೆಗೂ ಹಬ್ಬುತ್ತದೆ. ಭಾಷೆಯ ಬಗ್ಗೆ ಕಾಳಜಿ ಇರುವವರು ಈಗಲೇ ಯೋಚಿಸಬೇಕಾದ ವಿಷಯ ಇದು. ಹೊರಗಿನಿಂದ ಬಂದ ಕಾರ್ಮಿಕರ ಮಕ್ಕಳು ಕನ್ನಡ ಶಾಲೆಗೆ ಸೇರಿದರೆ ಅವರು ನಾಳಿನ ಕನ್ನಡಿಗರು. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲೇ ಬೆಳೆದರೆ ಅವರು ಯಾವ ಭಾಷೆಯಲ್ಲೂ ಅಕ್ಷರಸ್ಥರಾಗುವುದಿಲ್ಲ, ಈ ನಾಡಿಗೆ ಬೇಕಾದ ನುರಿತ ಕೈಗಳೂ ಆಗುವುದಿಲ್ಲ.

ಯೋಚಿಸಬೇಕಾದ ಎರಡನೆಯ ವಿಷಯ ಈಗಾಗಲೇ ಇರುವ ಹೆಂಗಸರ ದುಡಿಮೆ. ಅಂಗನವಾಡಿಯ ಶಾಲಾಪೂರ್ವ ಕಲಿಕೆ ಮೂರು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕ ಮಗುವನ್ನು ಯಾರ ಬಳಿ ಬಿಟ್ಟು ಕೆಲಸಕ್ಕೆ ಹೋಗುವುದು? ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆಯನ್ನು ಕರ್ನಾಟಕ 2023ರಲ್ಲಿ ಘೋಷಿಸಿತು. ಗಾರ್ಮೆಂಟ್ಸ್ ಕಾರ್ಖಾನೆಗಳ ಬೀದಿಗಳಲ್ಲಿ, ನಗರದ ಬಾಡಿಗೆ ಮನೆಗಳ ಬಡಾವಣೆಗಳಲ್ಲಿ ಅಂಥ ಮನೆಗಳು ಬೇಕು. ಹೊಸದಾಗಿ ಹುಟ್ಟುವ ಮಗುವಿಗಾಗಿ ಇಪ್ಪತ್ತು ವರ್ಷ ಕಾಯುವುದಕ್ಕಿಂತ, ಮನೆಯಲ್ಲೇ ಉಳಿದಿರುವ ಓದಿದ ತಾಯಿಯೊಬ್ಬಳು ನಾಳೆಯೇ ಕೆಲಸಕ್ಕೆ ಹೋಗುವಂತಾದರೆ ದುಡಿಯುವವರ ಸಂಖ್ಯೆ ನಾಳೆಯೇ ಹೆಚ್ಚುತ್ತದೆ. ಎರಡನೆಯ ಮಗು ಬೇಕೆನಿಸಿದವಳಿಗೆ ಅದನ್ನು ಪಡೆಯುವ ಧೈರ್ಯ ಬರುವುದೂ ಇಂಥ ವ್ಯವಸ್ಥೆಯಿಂದಲೇ.

ಇನ್ನು ವೃದ್ಧಾಪ್ಯ. ಮಕ್ಕಳೇ ಮುಪ್ಪಿನ ವಿಮೆಯಾಗಿದ್ದ ಕಾಲ ಮುಗಿಯುತ್ತಿದೆ. ಒಬ್ಬಳೇ ಮಗಳು ತನ್ನ ತಂದೆ ತಾಯಿಯ ಜೊತೆ ಗಂಡನ ತಂದೆ ತಾಯಿಯನ್ನೂ ನೋಡಿಕೊಳ್ಳಬೇಕಾದ ಮನೆಗಳು ಹೆಚ್ಚುತ್ತವೆ. ಅವಳು ದುಬೈನಲ್ಲೋ ಡಲ್ಲಾಸ್‌ನಲ್ಲೋ ಇದ್ದರೆ ತೀರ್ಥಹಳ್ಳಿಯ ತಾಯಿಯ ಬಿಪಿ ಮಾತ್ರೆ ತಂದುಕೊಡುವವರು ಬೇರೆ ಯಾರಾದರೂ ಆಗಬೇಕು. ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ 1,200 ರೂಪಾಯಿ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಯೋಜನೆಯಲ್ಲಿ 60ರಿಂದ 79 ವರ್ಷದವರೆಗಿನ ಬಡವರಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲಿ ಈ ಯೋಜನೆ ಈಗಿನ ಹೆಸರಿನಲ್ಲಿ ಆರಂಭವಾದಾಗಲೂ ಅದು 200 ರೂಪಾಯಿಯೇ ಆಗಿತ್ತು.